ಕರಡಿಯ ಮುಖ ಹಸಿರಾಗಲು ಏನೇನು ಬೇಕು

ನಮ್ಮ ಮನೆಯಿಂದ ಡಿಗ್ರಿ ಎನ್ನುವುದು ಆಗದ ಮಾತು ಎಂದವನು ನನ್ನ ಸೋದರಮಾವ. ಗುಟ್ಟಾಗಿ ಹೇಳಲಿಲ್ಲ. ಯಾರದೋ ನಾಮಕರಣದ ಪಂಕ್ತಿಯಲ್ಲಿ ಕುಳಿತು, ಮುದ್ದೆ ಮುರಿಯುತ್ತಾ, ಬಡಿಸುವವರೂ ನಿಂತು ಕೇಳುವಷ್ಟು ಜೋರಾಗಿ ಹೇಳಿದ.

“ನಮ್ ವಂಸ್ದಲ್ಲಿ ನಿನ್ ಬುಟ್ರೆ ಎಸ್ಸೆಲ್ಸಿ ದಾಟ್ದೋರೇ ಇಲ್ಲ ಕಣಮ್ಮಿ. ದಾಟಕ್ಕೋದೋರೆಲ್ಲ ಇಂಗ್ಲಿಸ್‌ನಲ್ಲೇ ಮುಳುಗೋದ್ರು. ನೀನೇನ್ ಡಿಗ್ರಿ ಗಂಟ ಈಜ್ಬುಟ್ಟೀಯಾ?”

ಮುಳುಗಿದವರಲ್ಲಿ ಅವನೇ ಮೊದಲಿಗ. ಮೂರು ಸಲ ಮುಳುಗಿ, ನಾಲ್ಕನೇ ಸಲ ಪುಸ್ತಕ ಮಾರಿ, ಕನಕಪುರದ ಕಡೆ ಕಲ್ಲು ಕ್ವಾರಿಗೆ ಸೇರಿಕೊಂಡಿದ್ದ. ಆದ್ದರಿಂದ ಅವನ ಮಾತಿಗೆ ಅನುಭವದ ತೂಕವಿತ್ತು.

ನಾನು ರಾಮನಗರದಲ್ಲಿ ಬಿಸಿಎ ಸೇರಿದೆ. ನಮ್ಮದು ಕೂಟಗಲ್ ಹತ್ತಿರದ ಹಳ್ಳಿ. ಅವ್ವ ರೇಷ್ಮೆಹುಳ ಸಾಕುತ್ತಿದ್ದಳು. ಅಪ್ಪ ಬಿಡದಿಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಲೋಡರ್. ವಾರಕ್ಕೊಮ್ಮೆ ಬದಲಾಗುವ ಶಿಫ್ಟು, ಹಾಗಾಗಿ ಅಪ್ಪನ ಅಭಿಪ್ರಾಯ ಬೇಕಾದಾಗಲೆಲ್ಲ ಅಪ್ಪ ಗೊರಕೆ ಹೊಡೆಯುತ್ತಿರುತ್ತಿದ್ದ. ಮನೆಯ ತೀರ್ಮಾನಗಳು ಅವ್ವ ಮತ್ತು ಮಾವನ ನಡುವೆ ಆಗುತ್ತಿದ್ದವು. ನನ್ನ ಓದಿನ ಬಗ್ಗೆ ಆದ ತೀರ್ಮಾನ ಇಷ್ಟು: ಮೂರು ವರ್ಷ ಕಳಿಸುವುದು. ಒಂದೇ ಒಂದು ಸಬ್ಜೆಕ್ಟ್ ಹೋದರೂ ಅಲ್ಲಿಗೆ ನಿಂತಿತು. ಮತ್ತೆ ಕಟ್ಟುವುದು, ಮತ್ತೆ ಬರೆಯುವುದು ಇಲ್ಲ.

ಐದು ಸೆಮಿಸ್ಟರ್ ಹೇಗೋ ದಾಟಿದೆ. ಆರನೆಯದರಲ್ಲಿ ಒಂದು ಪ್ರಾಜೆಕ್ಟ್ ಮಾಡಿ, ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಬೇಕಿತ್ತು. ನನ್ನ ಜೊತೆಯವರು ಬೆಂಗಳೂರಿಗೆ ಹೋಗಿ, ರೆಡಿಮೇಡ್ ಬ್ಲೌಸ್ ತರುವ ಹಾಗೆ ರೆಡಿಮೇಡ್ ಪ್ರಾಜೆಕ್ಟ್ ತಂದರು. ಲೈಬ್ರರಿ ನಿರ್ವಹಣೆ, ಹೋಟೆಲ್ ನಿರ್ವಹಣೆ, ಸಂಬಳ ನಿರ್ವಹಣೆ. ಹಳೆಯವನ ಹೆಸರು ಅಳಿಸಿ ತಮ್ಮ ಹೆಸರು ಹಾಕುವುದಷ್ಟೇ ಕೆಲಸ. ಒಬ್ಬ ಅದನ್ನೂ ಮರೆತಿದ್ದ.

ನನಗೆ ಕೊಳ್ಳುವ ಮನಸ್ಸಿರಲಿಲ್ಲ. ಕೊಂಡಿದ್ದರೆ ಮಾವನ ಬಾಯಿಗೆ ಇನ್ನೊಂದು ತುತ್ತು ಕೊಟ್ಟಂತಾಗುತ್ತಿತ್ತು. ಅದೂ ಅಲ್ಲದೆ ಆ ಹೊತ್ತಿಗೆ ನನಗೊಂದು ಹುಚ್ಚು ಹಿಡಿದಿತ್ತು. ನಮ್ಮ ಲ್ಯಾಬಿನ ಮೂಲೆಯ ಕಂಪ್ಯೂಟರಿಗೆ ಯಾರೋ ಫುಟ್‌ಪಾತ್ ಸಿಡಿಯಿಂದ ಒಂದು ಆಟ ಹಾಕಿ ಹೋಗಿದ್ದರು. ಮೃಗಾಲಯ ಕಟ್ಟುವ ಆಟ. ಖಾಲಿ ಹಸಿರು ನೆಲ ಕೊಡುತ್ತದೆ. ಬೇಲಿ ಹಾಕಿ, ಪ್ರಾಣಿ ತಂದು, ಗಿಡ, ಬಂಡೆ, ನೀರು ಇಟ್ಟು, ನೋಡಲು ಬರುವ ಜನಕ್ಕೆ ದಾರಿ ಮಾಡಬೇಕು. ಜಾಗ ಒಪ್ಪಿದರೆ ಪ್ರಾಣಿಯ ತಲೆಯ ಮೇಲೆ ಹಸಿರು ನಗುಮುಖ ಬರುತ್ತದೆ, ಒಪ್ಪದಿದ್ದರೆ ಕೆಂಪು ಸಿಡುಕುಮುಖ. ಜನಕ್ಕೂ ಅದೇ ಲೆಕ್ಕ. ಜನ ಬರದಿದ್ದರೆ ಪಾರ್ಕ್ ಮುಚ್ಚುತ್ತದೆ.

ಲ್ಯಾಬ್ ಸರ್‌ಗೆ ಹೇಳಿದೆ: ಇದರಲ್ಲಿ ಒಂದು ಪಾರ್ಕ್ ಕಟ್ಟುತ್ತೇನೆ, ಅದರ ನಕ್ಷೆ ಇಟ್ಟುಕೊಂಡು ನಾನೇ ಒಂದು ಪ್ರೋಗ್ರಾಂ ಬರೆಯುತ್ತೇನೆ, ನಕ್ಷೆಯಲ್ಲಿ ಎಲ್ಲಿ ಒತ್ತಿದರೂ ಆ ಪ್ರಾಣಿಗೆ ಏನು ಬೇಕು, ಯಾಕೆ ಬೇಕು ಎನ್ನುವುದು ಬರಬೇಕು.

ಸರ್ ತಲೆ ಕೆರೆದುಕೊಂಡರು. “ಮಾಡಮ್ಮ. ಆದ್ರೆ ಆಟ ಆಡಿದೆ ಅಂದ್ರೆ ಯಾರೂ ಒಪ್ಪಲ್ಲ. ಪಾರ್ಕ್ ನಡೀಬೇಕು, ಯಾವ್ದನ್ನ ನೋಡಿ ಕಟ್ಟಿದೆ ಅಂತ ಕೊನೇ ಪುಟದಲ್ಲಿ ಆಧಾರ ಬರೀಬೇಕು. ಆಧಾರ ಇಲ್ದಿದ್ರೆ ಫೇಲು.”

ನಾನು ಕಂಡ ಮೃಗಾಲಯ ಒಂದೇ, ಏಳನೇ ಕ್ಲಾಸಿನ ಪ್ರವಾಸದಲ್ಲಿ ಮೈಸೂರಿನದು. ನೆನಪಿದ್ದದ್ದು ಬಸ್ಸಿನಲ್ಲಿ ಮಾಡಿಕೊಂಡ ವಾಂತಿ ಮತ್ತು ಒಂದು ಕೋತಿ. ಕೋತಿಗಳನ್ನು ನಮ್ಮ ಹೆಂಚಿನ ಮೇಲೆ ದಿನಾ ನೋಡುತ್ತಿದ್ದೆ.

ಆದ್ದರಿಂದ ಮೊದಲ ಪಾರ್ಕನ್ನು ನನಗೆ ಗೊತ್ತಿದ್ದ ಹಾಗೆ ಕಟ್ಟಿದೆ. ಸಾಲಾಗಿ ಒಂದೇ ಅಳತೆಯ ಮನೆಗಳು, ಗುಡಿಸಿದ ನೆಲ, ಹೊರಗಿನವರು ಹತ್ತಿರ ಬರದಂತೆ ಸುತ್ತ ಎರಡು ಸುತ್ತು ಬೇಲಿ, ಜನರ ದಾರಿ ಅದರಿಂದಲೂ ಆಚೆ. ಆಟ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಬಂದ ಜನರೆಲ್ಲ ಕೆಂಪಾದರು. ಟಿಕೆಟ್ ತೆಗೆದುಕೊಂಡು ಬಂದವರಿಗೆ ಬೇಲಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕರಡಿಯಂತೂ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿತು.

ಸರ್ ಹಿಂದಿನಿಂದ ನೋಡಿ, “ಇದೇನಮ್ಮ, ಮೃಗಾಲಯನಾ, ಹುಳದ ಮನೇನಾ?” ಎಂದರು. ಅವರದೂ ರೇಷ್ಮೆ ಬೆಳೆಯುವ ಮನೆ.

ನನಗೆ ಆಗ ಹೊಳೆಯಿತು. ನಾನು ಕಟ್ಟಿದ್ದು ಹುಳದ ಮನೆಯನ್ನೇ. ಅಲ್ಲಿ ಹೊರಗಿನವರು ಕಾಲಿಡುವ ಹಾಗಿಲ್ಲ. ಕಾಲಿಡಬೇಕಾದರೆ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ಅದ್ದಬೇಕು. ನೋಡಿ “ಅಯ್ಯೋ, ಎಷ್ಟ್ ಚೆಂದಾಗವೆ!” ಎನ್ನುವ ಹೆಂಗಸು ಬಂದರೆ ಅವ್ವ ಆ ಬೆಳೆಯ ಆಸೆ ಅರ್ಧ ಬಿಡುತ್ತಿದ್ದಳು. ರೋಗದ ಹೆದರಿಕೆ ಅರ್ಧ, ಕಣ್ಣು ಬೀಳುವ ಹೆದರಿಕೆ ಅರ್ಧ. ನೋಡಿದರೆ ಕೆಡುತ್ತದೆ ಎಂದು ನಂಬಿದ ಮನೆಯಲ್ಲಿ ಬೆಳೆದವಳಿಗೆ, ನೋಡಲೆಂದೇ ಇರುವ ಜಾಗ ಕಟ್ಟುವುದು ಹೇಗೆ ಬಂದೀತು?

ಎರಡನೇ ಪಾರ್ಕಿಗೆ ಆಧಾರ ಹುಡುಕಿಕೊಂಡು ಚನ್ನಪಟ್ಟಣದ ಒಂದು ಬೊಂಬೆ ಅಂಗಡಿಗೆ ಹೋದೆ. ಗಾಜಿನ ಕಪಾಟಿನಲ್ಲಿ ಇಡೀ ಕಾಡನ್ನು ಜೋಡಿಸಿದ್ದರು. ಹುಲಿಯ ಪಕ್ಕ ಪಟ್ಟೆ ಕುದುರೆ. ಯಾಕೆ ಹೀಗಿಟ್ಟಿದ್ದೀರಿ ಎಂದರೆ ಅಂಗಡಿಯಾತ, “ಪಟ್ಟೆಗೆ ಪಟ್ಟೆ ಒಪ್ತದೆ ಕಣವ್ವ” ಎಂದ. ಕುಶಲಕರ್ಮಿಯ ಮಾತು, ನಂಬಿದೆ. ಮರುದಿನ ಲ್ಯಾಬಿನಲ್ಲಿ ಬೇಲಿ ತೆಗೆದು ಎರಡನ್ನೂ ಒಟ್ಟಿಗೆ ಬಿಟ್ಟೆ. ಹುಲಿಯ ಮುಖ ಹಸಿರಾಯಿತು. ಕುದುರೆಯ ಮುಖ ಯಾವ ಬಣ್ಣವಾಯಿತೋ ನೋಡುವಷ್ಟರಲ್ಲಿ ಕುದುರೆಯೇ ಇರಲಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ ಪಾರ್ಕನ್ನು ಗ್ರಾಫ್ ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದೆ. ಒಂದು ಭಾನುವಾರ ಜಗಲಿಯ ಮೇಲೆ ಕುಳಿತು ಕರಡಿಗೆ ಬಂಡೆ ಬರೆಯುತ್ತಿದ್ದಾಗ ಮಾವ ತನ್ನ ಮೊಪೆಡ್ ನಿಲ್ಲಿಸಿ ಬಂದ.

“ಇದೇನಮ್ಮಿ, ಇಡ್ಲಿ ಬರ್ದಿದೀಯಾ?”

“ಬಂಡೆ ಮಾವ. ಕರಡಿಗೆ.”

“ಬಂಡೆ ಹಿಂಗ್ ಸಾಲಾಗಿ ಕುಂತ್ಕತಾವಾ? ಇಸ್ಕೂಲ್ ಪ್ರಾರ್ಥನೆಗೆ ನಿಂತವಾ ಅವು?” ಎಂದವನು ಅವ್ವನನ್ನು ಕೂಗಿದ. “ಲೇ, ನಿನ್ ಮಗ್ಳು ಮೂರ್ ವರ್ಸ ಬಸ್ಸಲ್ಲಿ ಓಡಾಡಿ, ಬಂಡೆ ಯಾವ ತರ ಇರ್ತದೆ ಅಂತ ಕಲ್ತಿಲ್ವಲ್ಲೇ. ಕಿಟಕೀಲಿ ನೋಡಿದ್ರೆ ಕಾಣ್ತಿತ್ತು.”

“ಸುಮ್ಕಿರಣ್ಣ. ಗೊತ್ತಿದ್ರೆ ಹೇಳ್ಕೊಡು, ಇಲ್ದಿದ್ರೆ ಮುದ್ದೆ ತಿನ್ನು,” ಎಂದಳು ಅವ್ವ ಒಳಗಿನಿಂದ, ಸೊಪ್ಪು ಕತ್ತರಿಸುತ್ತಾ.

ಮಾವ ಅಂಗಳಕ್ಕಿಳಿದು ಕಲ್ಲು ಆಯ್ದು ತಂದ. ಕುಕ್ಕರುಗಾಲಿನಲ್ಲಿ ಕುಳಿತು ಒಂದರ ಮೇಲೊಂದು ಒರಗಿಸಿದ. ದೊಡ್ಡದು ಅಡಿಗೆ, ಇನ್ನೊಂದು ಅದಕ್ಕೆ ಒರಗಿ, ಮೂರನೆಯದು ಬೀಳುವ ಹಾಗೆ ಕಂಡರೂ ಬೀಳದಂತೆ ಮೇಲೆ. ನಡುವೆ ಸಂದು.

“ನೋಡು. ಕರಡಿಗೆ ಬಂಡೆ ಬೇಡ ಕಣಮ್ಮಿ, ಸಂದು ಬೇಕು. ಬೆಳಿಗ್ಗೆ ಬಿಸ್ಲಿಗೆ ಮುಖ ಕೊಟ್ಟ ಸಂದಾದ್ರೆ ಒಳೀಕೇ ಹೋಗಲ್ಲ. ನಾವ್ ಬಂಡೆ ಸೀಳಕ್ಕೋದಾಗ ಎಷ್ಟ್ ದಪ ಓಡಿವ್ನಿ ಗೊತ್ತಾ? ಉಳಿ ಸುತ್ತಿಗೆ ಅಲ್ಲೇ ಬುಟ್ಟು.”

“ಕರಡಿ ಅಟ್ಟಿಸ್ಕಂಡ್ ಬತ್ತಾ ಮಾವ?”

“ಯಾರ್ ತಿರುಗ್ ನೋಡಿದ್ರು?”

ಸೋಮವಾರ ಅದೇ ತರ ಹಾಕಿದೆ. ಆಟದೊಳಗಿನ ಕರಡಿ ಎದ್ದು, ಸುತ್ತಿ, ಸಂದಿನ ಬಾಯಿಗೆ ಹೋಗಿ ಕುಳಿತಿತು. ತಲೆಯ ಮೇಲೆ ಹಸಿರು ಮುಖ ಬಂತು. ಆ ತನಕ ಲ್ಯಾಬಿನಲ್ಲಿ ಯಾವ ಹುಡುಗಿಯೂ ಅಷ್ಟು ಜೋರಾಗಿ ಕಿರುಚಿರಲಿಲ್ಲವಂತೆ.

ಆಮೇಲೆ ಮಾವನನ್ನು ಹಿಡಿಯುವವರಿರಲಿಲ್ಲ. ಡಿಗ್ರಿ ಆಗುವುದಿಲ್ಲ ಎನ್ನುವ ಮಾತು ಹಾಗೇ ಇತ್ತು. ಕರಡಿ ಮಾತ್ರ ಅವನದಾಗಿತ್ತು. ಒಂದು ದಿನ ಮೊಪೆಡ್ ಹಿಂದೆ ಕೂರಿಸಿಕೊಂಡು ಕನಕಪುರದಾಚೆ ಕಾಡಂಚಿಗೆ ಕರೆದೊಯ್ದು, ಆನೆ ಹೊಲಕ್ಕೆ ಬರದಂತೆ ತೋಡಿದ ಕಂದಕ ತೋರಿಸಿದ. ಒಂದು ಕಡೆ ಅಂಚು ಕುಸಿದು ಇಳಿಜಾರಾಗಿತ್ತು.

“ಮಳೆಗೆ ಕುಸಿದದ್ದಾ?”

“ಮಳೆಗೆಲ್ಲಿ ಬುದ್ಧಿ ಐತೆ? ಆನೇನೇ ಕಾಲಲ್ಲಿ ಮಣ್ ತಳ್ಳಿ ದಾರಿ ಮಾಡ್ಕಂಡೈತೆ. ಅಂಚ್‌ಗೆ ಕಲ್ ಕಟ್ದೇ ಇದ್ರೆ ಕಂದಕ ತೋಡೋದೂ ಒಂದೇ, ಆನೆಗೆ ಕಾಗ್ದ ಬರ್ದು ಬ್ಯಾಡ ಅನ್ನೋದೂ ಒಂದೇ.”

ಅದನ್ನೂ ಬರೆದುಕೊಂಡೆ. ಆನೆಯ ಕಡೆ ಬೇಲಿ ಕಿತ್ತು ನೆಲ ತಗ್ಗಿಸಿ, ಅಂಚಿಗೆ ಕಲ್ಲು ಕಟ್ಟಿದೆ.

ಉಳಿದದ್ದು ಜನ. ಬಂಡೆ ಸಂದಿನಲ್ಲಿ ಕರಡಿ ನೆಮ್ಮದಿಯಾಗಿತ್ತು, ಆದರೆ ಜನಕ್ಕೆ ಅದು ಕಾಣುತ್ತಿರಲಿಲ್ಲ. ದಾರಿ ಹತ್ತಿರ ತಂದರೆ ಕರಡಿ ಕೆಂಪು, ದೂರ ಸರಿಸಿದರೆ ಜನ ಕೆಂಪು. ಪರೀಕ್ಷೆಗೆ ಹತ್ತು ದಿನವಿತ್ತು. ಆ ವಾರ ನಮ್ಮ ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಏರಿದ್ದವು. ಬಿದಿರಿನ ಆ ದೊಡ್ಡ ತಟ್ಟೆಗಳನ್ನು ನೋಡಬೇಕೆಂದು ಪಕ್ಕದ ಮನೆಗೆ ಬಂದ ಹೊಸ ಸೊಸೆ ಹಟ ಹಿಡಿದಿದ್ದಳು. ಅವ್ವ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ನೊಣ ಬರದಂತೆ ಜಾಲರಿ ಹೊಡೆದ ಸಣ್ಣ ಕಿಟಕಿಗೆ ನಿಲ್ಲಿಸಿದಳು.

“ಇಲ್ಲಿಂದ ನೋಡು. ಬಾಯಿಗ್ ಸೆರಗ್ ಇಟ್ಕೊ. ಚೆಂದಾಗವೆ ಅಂತ ಮಾತ್ರ ಅನ್ಬ್ಯಾಡ.”

ಹೊಸ ಸೊಸೆ ಬಾಯಿ ಮುಚ್ಚಿ ನೋಡಿದಳು. ಹುಳಕ್ಕೆ ಅವಳು ಬಂದದ್ದೇ ಗೊತ್ತಾಗಲಿಲ್ಲ. ಅವಳ ಕಣ್ಣು ಮಾತ್ರ ಚಂದ್ರಿಕೆಯಷ್ಟಗಲ ಆಗಿತ್ತು.

ನಾನು ದಾರಿಯನ್ನು ಬಂಡೆಯ ಹಿಂದಕ್ಕೆ ತಿರುಗಿಸಿದೆ. ಗಿಡ ಮರೆಮಾಡಿ, ಒಬ್ಬೊಬ್ಬರೇ ನಿಂತು ನೋಡುವಷ್ಟು ಜಾಗ ಬಿಟ್ಟೆ. ಜನ ಸುತ್ತಿ ಬಳಸಿ ಬಂದರು, ನಿಂತರು, ಹಸಿರಾದರು. ಕರಡಿಯೂ ಹಸಿರು. ಪಾರ್ಕ್ ನಡೆಯಿತು.

ಇನ್ನು ಆಧಾರದ ಪುಟ. ನಿಜ ಬರೆದೆ. ಒಂದು, ಸೋದರಮಾವ, ಬಂಡೆ ಕೆಲಸ, ಕನಕಪುರ ಕಡೆ. ಎರಡು, ಅವ್ವ, ರೇಷ್ಮೆ ಸಾಕಣೆ, ಹಿತ್ತಲ ಕಿಟಕಿ. ಮೂರು, ಕಾಡಂಚಿನ ಕಂದಕ, ಕುಸಿದ ಭಾಗ. ನಾಲ್ಕು, ಬೊಂಬೆ ಅಂಗಡಿ, ಚನ್ನಪಟ್ಟಣ (ನಂಬಬಾರದು).

ಪರೀಕ್ಷಕರು ಬೆಂಗಳೂರಿನಿಂದ ಬಂದಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಒಂಬತ್ತು ಲೈಬ್ರರಿ ನಿರ್ವಹಣೆ ನೋಡಿ ಅವರ ಮುಖವೇ ಕೆಂಪಾಗಿತ್ತು. ವರದಿಯನ್ನು ಹಿಂದಿನಿಂದ ತೆರೆದರು. ಬಹಳ ಹೊತ್ತು ಕೊನೆಯ ಪುಟ ನೋಡಿದರು.

“ಸೋದರಮಾವ. ಯಾವ ಪ್ರಕಾಶನ?”

ಬಾಗಿಲಲ್ಲಿ ನಿಂತ ಹುಡುಗರು ಕಿಸಕ್ಕೆಂದರು. ನಾನು ಅತ್ತ ನೋಡದೆ ಉತ್ತರ ಕೊಟ್ಟೆ. “ಪ್ರಕಟ ಆಗಿಲ್ಲ ಸರ್. ಕೇಳಿದ್ರೆ ಮಾತ್ರ ಸಿಗ್ತಾರೆ.”

ಅವರು ನಗಲಿಲ್ಲ. “ಇದನ್ನ ಹೀಗೆ ಒಪ್ಪಕ್ಕಾಗಲ್ಲಮ್ಮ. ಪುಸ್ತಕ ಇರ್ಲೇಬೇಕು. ನಿಯಮ.” ವರದಿ ಮುಚ್ಚಿ ಪಕ್ಕಕ್ಕೆ ಸರಿಸಿದರು.

ನನ್ನ ಮೂರು ವರ್ಷ ಮೇಜಿನ ಅಂಚಿನಲ್ಲಿ ಹೋಗಿ ನಿಂತಿತು. ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. “ಸರ್, ಒಂದ್ ಸಲ ಓಡಿಸಿ ನೋಡಿ, ಆಮೇಲೆ ಫೇಲ್ ಮಾಡಿ,” ಎಂದೆ.

ನನ್ನ ಮಾತಲ್ಲ, ಒಂಬತ್ತು ಲೈಬ್ರರಿ ನೋಡಿದ ಬೇಸರವೇ ಅವರನ್ನು ಕುರ್ಚಿ ಎಳೆಯುವಂತೆ ಮಾಡಿತು ಎಂದು ಈಗಲೂ ನಂಬಿದ್ದೇನೆ. ನಕ್ಷೆಯಲ್ಲಿ ಕಂದಕದ ಮೇಲೆ ಒತ್ತಿದರು. ಅಂಚಿಗೆ ಕಲ್ಲು ಯಾಕೆ ಎಂದರು; ಆನೆ ಮಣ್ಣು ತಳ್ಳುವುದನ್ನು ಹೇಳಿದೆ. ಕರಡಿಯ ಮೇಲೆ ಒತ್ತಿದರು, ಸಂದು ಹೇಳಿದೆ. ಪ್ರೋಗ್ರಾಂ ತೆರೆಸಿ, ಈ ಸಾಲು ಏನು, ಇದು ತೆಗೆದರೆ ಏನಾಗುತ್ತದೆ ಎಂದರು. ಒಂದೊಂದು ಸಾಲೂ ನಾನು ಬೈದುಕೊಂಡು ಬರೆದದ್ದು, ಮರೆಯುವುದು ಹೇಗೆ? ಹೇಳಿದೆ. ಅವತ್ತು ತನ್ನ ಪ್ರಾಜೆಕ್ಟಿನ ಒಳಗೆ ಏನಿದೆ ಎಂದು ಹೇಳಿದವಳು ನಾನೊಬ್ಬಳೇ ಎಂದು ಲ್ಯಾಬ್ ಸರ್ ಆಮೇಲೆ ಹೇಳಿದರು.

ಪರೀಕ್ಷಕರು ಗಡಿಯಾರ ನೋಡಿದರು. “ನಾಲ್ಕು ಗಂಟೆವರೆಗೂ ಇರ್ತೀನಿ. ಲೈಬ್ರರಿಗೆ ಹೋಗಿ, ಸಂಬಂಧಪಟ್ಟ ಪುಸ್ತಕ ನಾಲ್ಕು ಓದಿ, ಹೆಸರು ಸೇರಿಸ್ಕೊಂಡು ಬನ್ನಿ.”

ಓಡಿದೆ. ನಮ್ಮ ಲೈಬ್ರರಿಯಲ್ಲಿ ಪ್ರಾಣಿಗೆ ಸಂಬಂಧಪಟ್ಟದ್ದು ಸಿಕ್ಕಿದ್ದು ಒಂದು ಕೋಳಿ ಸಾಕಣೆ, ಒಂದು ರೇಷ್ಮೆ ಸಾಕಣೆ, ಒಂದು ಕಾಡಿನ ಕೈಪಿಡಿ, ಒಂದು ಎಮ್ಮೆಯ ರೋಗಗಳು. ಬೇಕಾದ ಪುಟಗಳನ್ನು ನಿಂತೇ ಓದಿದೆ. ರೇಷ್ಮೆಯ ಪುಸ್ತಕದಲ್ಲಿ ಜಾಲರಿ ಕಿಟಕಿಯ ಅಳತೆ ತಪ್ಪಿತ್ತು. ಲ್ಯಾಬಿಗೆ ವಾಪಸ್ ಬಂದು ನಾಲ್ಕರ ಹೆಸರನ್ನೂ ಪೆನ್ನಿನಲ್ಲಿ ಬರೆದು, ಮೇಲಿನವರನ್ನು ಹೊಡೆದು ಹಾಕಲು ಹೊರಟಾಗ ಪರೀಕ್ಷಕರು ತಡೆದರು.

“ಅವರನ್ನ ಯಾಕೆ ತೆಗೀತೀರಿ? ಪುಸ್ತಕ ಕೆಳಗಿರ್ಲಿ.” ಸಹಿ ಹಾಕಿದರು. ಎದ್ದು ಹೋಗುವಾಗ, “ಕರಡಿ ಚೆನ್ನಾಗಿದೆ,” ಎಂದರು.

ಪಾಸಾದ ಸುದ್ದಿ ತಿಳಿದ ದಿನ ಮಾವ ಮೊಪೆಡ್ ಹತ್ತಿದ. ಊರಲ್ಲೆಲ್ಲ, ಕರಡಿಯಿಂದಲೇ ಪಾಸು ಮಾಡಿದರು ಎಂದು ಹೇಳಿಕೊಂಡು ತಿರುಗಿದ.

ಸರ್ಟಿಫಿಕೇಟ್ ಬರಲು ಬಹಳ ತಿಂಗಳು ಹಿಡಿಯಿತು. ತರಲು ನಾನೊಬ್ಬಳೇ ಹೋಗುವುದೆಂದಿತ್ತು. ಬಸ್ ಸ್ಟಾಪಿನಲ್ಲಿ ನೋಡಿದರೆ ಅವ್ವ ಹೊಸ ಸೀರೆ ಉಟ್ಟು, ಮಾವ ಇಸ್ತ್ರಿ ಶರ್ಟು ಹಾಕಿ ನಿಂತಿದ್ದರು. ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಗುಮಾಸ್ತ ದಪ್ಪ ರಿಜಿಸ್ಟರ್ ಮುಂದೆ ತಳ್ಳಿ, “ಇಲ್ಲಿ ಸೈನ್” ಎಂದ. ನಾನು ಮಾಡಿದೆ. ಕವರಿನಿಂದ ಹಾಳೆ ತೆಗೆದು ಕೈಗಿಟ್ಟ. ಮಾವ ಇಣುಕಿ, ಇಂಗ್ಲಿಷಿನಲ್ಲಿದ್ದ ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಂಡ, ತುಟಿ ಅಲ್ಲಾಡಿಸುತ್ತಾ, ಕೊನೆಯವರೆಗೂ.

ಅವ್ವ ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆಯನ್ನು ಅಂಚಿನಲ್ಲಿ ಹಿಡಿದಳು. ಬೆಳಕಿಗೆ ಎತ್ತಿದಳು. ಬೆರಳಿನಿಂದ ತಿಕ್ಕಿ ನೋಡಿದಳು. ಆಮೇಲೆ ಕಿಟಕಿಯೊಳಕ್ಕೆ ಬಗ್ಗಿದಳು.

“ಸ್ವಾಮೇರಾ, ಮೂರ್ ವರ್ಸ ಓದಿವ್ಳೆ ನನ್ ಮಗ್ಳು. ಒಸಿ ದಪ್ಪನ್ ಕಾಗ್ದ ಕೊಡಕ್ಕಾಗ್ನಿಲ್ವಾ?”