ಅಕ್ಕ ತೋರಿಸಲು ಹೋಗದ ಮೂರು ವರ್ಷ

ಇದು ಎಂಬತ್ತರ ದಶಕದ ಮಾತು. ನನ್ನ ಅಕ್ಕ ಅಣ್ಣಿಗೇರಿಯ ಹತ್ತಿರದ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಶಿಕ್ಷಕಿ. ಅವಳ ಗಂಡ ತೀರಿಕೊಂಡ ಮೇಲೆ ತಂಗಿಯಾದ ನಾನೇ ಜೊತೆಗಿದ್ದೆ. ಇಪ್ಪತ್ತೈದನೆಯ ವಯಸ್ಸಿನಿಂದಲೂ ಅವಳಿಗೆ ಹೊಟ್ಟೆಯ ಕಾಟ. ದಿನಕ್ಕೆ ಎಂಟು ಹತ್ತು ಸಲ ಭೇದಿ, ಅದರಲ್ಲಿ ರಕ್ತ. ಶಾಲೆಯಲ್ಲಿ ಪಾಯಖಾನೆ ಇರಲಿಲ್ಲ. ಊರ ಹೆಂಗಸರು ಬೆಳಕು ಹರಿಯುವ ಮೊದಲೇ ಹೊಲದ ಕಡೆ ಹೋಗಿ ಬರುತ್ತಿದ್ದರು. ಅಕ್ಕನ ರೋಗಕ್ಕೆ ಹೊತ್ತುಗೊತ್ತು ಇರಲಿಲ್ಲ. ಮಗ್ಗಿ ಹೇಳಿಸುತ್ತಿದ್ದವಳು ನಡುವೆಯೇ ಜೋಳದ ಹೊಲಕ್ಕೆ ಓಡುತ್ತಿದ್ದಳು. ಕೊಯ್ಲಾದ ಮೇಲೆ ಆ ಎರೆಭೂಮಿಯಲ್ಲಿ ಮರೆ ಎಂಬುದೇ ಇಲ್ಲ. ಆ ತಿಂಗಳುಗಳಲ್ಲಿ ಅವಳು ಏನೂ ತಿನ್ನದೆ ಶಾಲೆಗೆ ಹೋಗುತ್ತಿದ್ದಳು.

ಎಂಟು ವರ್ಷ ಮೂಲವ್ಯಾಧಿ ಎಂದುಕೊಂಡು ಔಷಧ ಮಾಡಿದೆವು. ಕೊನೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ಗುದದಿಂದ ನಳಿಗೆ ಹಾಕಿ ನೋಡಿ, ದೊಡ್ಡ ಕರುಳಿನ ತುಂಬ ಹುಣ್ಣುಗಳಾಗಿವೆ ಎಂದರು. ಗುಳಿಗೆ ಬರೆದುಕೊಟ್ಟು, ನನ್ನನ್ನೂ ಒಳಗೆ ಕರೆದರು.

"ಗುಳಿಗಿಯಿಂದ ರಕ್ತ ನಿಲ್ತದರಿ. ಆದ್ರ ಇವು ಭಾಳ ವರ್ಷದ ಹುಣ್ಣು. ಮುಂದ ಕ್ಯಾನ್ಸರ್ ಆಗೂ ಸಂಭವ ಉಳದವರಿಗಿಂತ ಹೆಚ್ಚು. ಎಲ್ಲಾರಿಗೂ ಆಗ್ತದಂತಲ್ಲ. ಆರಾಮ ಅನಿಸಿದ್ರೂ ವರ್ಷಕ್ಕೊಮ್ಮೆ ತೋರಿಸಾಕ ಬರ್ರಿ."

ರಕ್ತ ನಿಂತಿತು. ಅಕ್ಕ ಮೈಕೈ ತುಂಬಿಕೊಂಡಳು, ಎರಡು ರೊಟ್ಟಿ ತಿಂದು ಶಾಲೆಗೆ ಹೋಗತೊಡಗಿದಳು. ವರ್ಷ ತುಂಬಿದಾಗ ನೆನಪಿಸಿದೆ. ನಳಿಗೆ ಹಾಕಿಸಿಕೊಳ್ಳಲು ಮೇಜಿನ ಮೇಲೆ ಗಂಡಸರೆದುರು ಮಗ್ಗುಲಾಗಿ ಮಲಗಿದ್ದನ್ನು ಅವಳು ಮರೆತಿರಲಿಲ್ಲ.

"ಆರಾಮ ಅದೀನಲ್ಲ ಬೇ, ಸುಮ್ನಿರು," ಎಂದಳು.

ನಾನು ಸುಮ್ಮನಾದೆ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ಮರುವರ್ಷ ಕೇಳಲೇ ಇಲ್ಲ. ಅದರ ಮರುವರ್ಷವೂ ಇಲ್ಲ.

ಕಡಲೆ ಕೀಳುವ ಹೊತ್ತಿಗೆ ಅವಳ ಹೊಟ್ಟೆ ಉಬ್ಬಿತು. ನಾಲ್ಕು ದಿನ ಮಲವಿಸರ್ಜನೆಯೇ ಆಗಲಿಲ್ಲ. ಹುಬ್ಬಳ್ಳಿ ಮುಟ್ಟುವವರೆಗೂ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನರಳಿದಳು. ಹೊಟ್ಟೆ ಕೊಯ್ದವರು, ಕರುಳಿನ ಗಡ್ಡೆ ಯಕೃತ್ತಿಗೂ ಹರಡಿದೆ ಎಂದರು. ಮಲ ಹೊರಹೋಗಲೆಂದು ಕರುಳಿನ ತುದಿಯನ್ನು ಪಕ್ಕೆಯಿಂದ ಹೊರಗೆ ತಂದು ಹೊಲಿದಿದ್ದರು. ನಾನು ಆ ಹಳೆಯ ಡಾಕ್ಟರ ಬಳಿ ಓಡಿದೆ. ಏನಾದರೂ ಮಾಡಿ, ಮುಂಬಯಿಗಾದರೂ ಒಯ್ಯುತ್ತೇನೆ ಎಂದು ಕೈಮುಗಿದೆ. ಒಯ್ದರೆ ಅವಳಿಗೆ ದಾರಿಯ ದಣಿವಷ್ಟೇ ಆದೀತು ಎಂದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿ ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಕರೆತಂದೆ. ಪಕ್ಕೆಯ ಬಟ್ಟೆ ಬದಲಿಸುವಾಗ ಅಕ್ಕ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನೇ ನೋಡುತ್ತ, "ನೀ ಜಗ್ಗಿ ಕರಕೊಂಡು ಹೋಗಬೇಕಿತ್ತು," ಎಂದಳು.

"ಜಗ್ಗಿದ್ರ ನೀ ಬರ್ತಿದ್ದೇನಕ್ಕಾ?"

ಮತ್ತೆ ಗೋಡೆಯ ಕಡೆ ಹೊರಳಿ, "ಗೊತ್ತಿಲ್ಲವ್ವಾ," ಎಂದಳು.

ಯುಗಾದಿಗೆ ಮೊದಲೇ ತೀರಿಕೊಂಡಳು. ಮಾತಾಡಿಸಲು ಬಂದ ಹೆಂಗಸರು, ಮೂರು ವರ್ಷ ಎಷ್ಟು ಚೆಂದ ಇದ್ದಳು, ಎಲ್ಲಿಂದ ಬಂತೋ ಈ ರೋಗ ಎಂದು ಕಣ್ಣೀರು ಹಾಕಿದರು. ನಾನು ಹೌದೆಂದು ತಲೆಯಾಡಿಸಿದೆ. ಡಾಕ್ಟರು ನಮಗೆ ಮೊದಲೇ ಹೇಳಿದ್ದರೆಂಬುದನ್ನು ಅವರಾರಿಗೂ ಹೇಳಲು ಬಾಯಿ ಬರಲಿಲ್ಲ.