ಬಿಸಿಲಿಗೆ ಕೂತ ಕೆಟಲ್

ಜುಲೈ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ: ಮಾರಿಸ್‌ವಿಲ್‌ನಿಂದ ದಕ್ಷಿಣಕ್ಕೆ ಸ್ವಲ್ಪ ದೂರ, ಹಳೆಯ ಒಂದನೇ ನಂಬರ್ ಹೆದ್ದಾರಿಯ ಪಕ್ಕ. ಹಾಜರಿದ್ದವರು: ಆ ಜಾಗದ ಒಡತಿ ಮಿಸ್ ಬೆಟ್ಟಿ, ನನ್ನ ನೆರೆಮನೆಯ ಚೇತನ್, ಅವನ ಹೆಂಡತಿ ರಶ್ಮಿ, ನಾನು ಮತ್ತು ಒಂದು ಕೆಟಲ್. ಹೀಗೆ ಶುರು ಮಾಡುವುದು ನನ್ನ ಹಳೆಯ ಚಾಳಿ. ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಆಗಿ ಆಯುಷ್ಯ ಕಳೆದವಳು ನಾನು. ಕನಸು ಬಿದ್ದರೂ ಮೊದಲು ಗಡಿಯಾರ ನೋಡುತ್ತೇನೆ.

ಕೆಟಲ್ ಎಂದರೆ ಒಲೆಯ ಮೇಲಿಡುವಂಥದ್ದಲ್ಲ. ಎರಡಾಳು ಎತ್ತರದ ಸಿಮೆಂಟಿನ ಕೆಟಲ್. ಹೊಟ್ಟೆಯಲ್ಲೊಂದು ಕಿಟಕಿ. ಮಿಸ್ ಬೆಟ್ಟಿಯ ತಂದೆ ಅದನ್ನು ಕಟ್ಟಿ, ಒಳಗೆ ನಿಂತು ಕಾಫಿ ಮಾರುತ್ತಿದ್ದರಂತೆ. ವಾಷಿಂಗ್ಟನ್ ಕಡೆಯಿಂದ ಇಳಿದು ಬರುವವರೆಲ್ಲ ಆಗ ಇದೇ ರಸ್ತೆಯಲ್ಲಿ ಬರಬೇಕು. ವೇಗವಾಗಿ ಹೋಗುವವನಿಗೆ ಬೋರ್ಡು ಓದಲು ಪುರಸೊತ್ತಿಲ್ಲ, ಆದರೆ ಮರದ ಮರೆಯಿಂದ ಒಂದು ಕೆಟಲ್ ಎದ್ದು ನಿಂತರೆ ಬ್ರೇಕಿನ ಮೇಲೆ ಕಾಲು ತಾನೇ ಹೋಗುತ್ತದೆ. ಆಮೇಲೆ ದೊಡ್ಡ ರಸ್ತೆ ಬಂತು, ಕಾರುಗಳು ಅತ್ತ ಹೋದವು, ಕೆಟಲ್ ಆರಿತು. ನಾನು ರಾಕ್‌ವಿಲ್‌ನಲ್ಲಿ ಕೆಲಸ ಬಿಟ್ಟು ಇತ್ತ ಬರುವಾಗ ದಾರಿ ತಪ್ಪಿ ಇಲ್ಲಿ ಹಾದುಹೋಗಿದ್ದೆ. ಮಂಜಿನಲ್ಲಿ ಅದರ ಮೂತಿ ಮಾತ್ರ ಕಂಡಿತ್ತು. ಬಹಳ ದಿನ ಅದು ನಿದ್ದೆಗಣ್ಣಿನ ಭ್ರಮೆ ಎಂದೇ ತಿಳಿದಿದ್ದೆ.

ನಮ್ಮ ಹುಬ್ಬಳ್ಳಿಯಲ್ಲಿ ಗುರುತುಗಳನ್ನು ಉಳಿಸುವ ರೀತಿಯೇ ಬೇರೆ. ಟಾಕೀಸು ಕೆಡವಿ ಎಷ್ಟೋ ಕಾಲವಾದರೂ ಟಾಕೀಸ್ ಸ್ಟಾಪಿನಲ್ಲೇ ಬಸ್ಸು ನಿಲ್ಲುತ್ತದೆ. ಹುಣಸೆಮರವಿಲ್ಲದ ಹುಣಸೆಮರದ ಓಣಿಯಲ್ಲಿ ಜನ ಸುಖವಾಗಿದ್ದಾರೆ. ನಾವು ವಸ್ತುವನ್ನು ಬಿಟ್ಟು ಹೆಸರನ್ನು ಉಳಿಸುತ್ತೇವೆ. ಇಲ್ಲಿಯವರಿಗೆ ವಸ್ತುವೇ ಬೇಕು. ರಸ್ತೆ ಅಗಲವಾಗುತ್ತಿದೆ, ಹಳೆಯ ಹೆದ್ದಾರಿಯ ಗುರುತುಗಳನ್ನು ಕಾಯುವ ಊರಿನ ಸಮಿತಿ ಈ ಸಂಜೆ ಬಂದು, ಕೆಟಲ್ ಹಳೆಯ ಫೋಟೋದಲ್ಲಿದ್ದಂತೆ ಅಚ್ಚ ಬಿಳಿಯಾಗಿದ್ದರೆ ಹಿಂದಕ್ಕೆ ಸರಿಸಿ ಉಳಿಸುತ್ತದೆ. ಇಲ್ಲದಿದ್ದರೆ ಕೆಡವುವ ಯಂತ್ರ ಬರುತ್ತದೆ. ಹಿಂದಿನ ವಾರ ನಾವೆಲ್ಲ ಸೇರಿ ಬಣ್ಣ ಬಳಿದಿದ್ದೆವು. ಈ ದಿನ ಸುತ್ತಲಿನ ಹುಲ್ಲು ಕೀಳುವುದಷ್ಟೇ ಬಾಕಿ.

ಆದರೆ ನಮ್ಮವರು ಹೊಸದನ್ನು ಕಂಡರೆ ಸುಮ್ಮನಿರುವುದುಂಟೆ? ಹೊಸ ಕಾರಿಗೆ, ಹೊಸ ಫ್ರಿಜ್ಜಿಗೆ, ರಸ್ತೆ ಬದಿಯ ಮೈಲಿಗಲ್ಲಿಗೂ ಅರಿಶಿನ ಕುಂಕುಮ ಬೀಳಲೇಬೇಕು. ಮಿಸ್ ಬೆಟ್ಟಿ ಮನೆಯಿಂದ ಕಾಫಿ ತರುವಷ್ಟರಲ್ಲಿ ರಶ್ಮಿ ಅರಿಶಿನ ಕಲಸಿ ಕೆಟಲ್ಲಿನ ಹೊಟ್ಟೆಗೆ ಅಂಗೈಯಗಲ ಬಳಿದಿದ್ದಳು. ಕುಂಕುಮದ ಭರಣಿ ತೆರೆಯುವುದರೊಳಗೆ ಮಿಸ್ ಬೆಟ್ಟಿ ಬಂದರು. ಕಾಫಿಯ ಟ್ರೇಯನ್ನು ಹುಲ್ಲಿನ ಮೇಲಿಟ್ಟರು.

"ಅಯ್ಯೋ, ಫೈವ್ ಮಿನಿಟ್ಸ್, ವೈಪ್ ಮಾಡಿದ್ರೆ ಹೋಗತ್ತೆ," ಎಂದಳು ರಶ್ಮಿ.

ನನ್ನ ಶಿಸ್ತು ಅವಳಿಗಿಂತ ಮುಂದೆ ಓಡಿತು. ಸೋಪಿನ ನೀರು, ಬ್ರಷ್ಷು, ಎರಡೂ ನನ್ನ ಚೀಲದಲ್ಲಿ ಸದಾ ಇರುತ್ತವೆ. ತಿಕ್ಕಿದೆ. ಹಳದಿ ಕೆಂಪಾಯಿತು. ಇನ್ನಷ್ಟು ತಿಕ್ಕಿದೆ. ಅಂಗೈಯಗಲದ್ದು ಹಿಟ್ಟು ಕಲಸುವ ಪರಾತದಷ್ಟಾಯಿತು.

"ಸಿಸ್ಟರ್ ಆಂಟಿ, ನಿಲ್ಸಿ. ಮರ್ಡರ್ ಸೀನ್ ಥರ ಕಾಣ್ತಿದೆ," ಎಂದ ಚೇತನ್.

ಬಣ್ಣದ ಡಬ್ಬ ಖಾಲಿ. ಹೊಸದು ತಂದರೂ ಸಂಜೆಗೆ ತೇಪೆ ಎದ್ದು ಕಾಣುತ್ತದೆ. ಮಿಸ್ ಬೆಟ್ಟಿ ಮೆಲ್ಲಗೆ, "ಅಪ್ಪ ಇದನ್ನು ಪ್ರತಿ ಭಾನುವಾರ ಒರೆಸುತ್ತಿದ್ದರು," ಎಂದರು. ಬೈದಿದ್ದರೆ ವಾಸಿಯಿತ್ತು.

ಆಗ ನೆನಪಾಯಿತು. ನಾವು ನರ್ಸುಗಳು ಬಿಳಿ ಸಮವಸ್ತ್ರದ ಮೇಲೆ ಸಾರು ಚೆಲ್ಲಿಕೊಂಡೇ ದೊಡ್ಡವರಾದವರು. ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆ, ಬಿಸಿಲಿಗೆ ಒಡ್ಡಿದರೆ ತಾನಾಗಿ ಹೋಗುತ್ತದೆ. ಹಾಸ್ಟೆಲಿನ ತಂತಿಯ ಮೇಲೆ ಎಷ್ಟು ಸಲ ನೋಡಿದ್ದೆ! ತಿಳಿದದ್ದು ತಲೆಗೆ ಬರುವ ಮೊದಲೇ ಕೈ ಕೆಲಸ ಮಾಡಿಬಿಟ್ಟಿತ್ತು.

"ಸೋಪು ಹೋಗೂತನಕ ಚಂದಂಗ ನೀರು ಹಾಕ್ರಿ. ಆಮೇಲೆ ಯಾರೂ ಅದಕ್ಕ ಕೈ ಹಚ್ಚಬ್ಯಾಡ್ರಿ. ಕೂಡ್ರೂಣು," ಎಂದೆ.

"ಕೂತ್ಕೊಂಡು?" ಎಂದ ಚೇತನ್.

"ಕೂತ್ಕೊಂಡು ಏನೂ ಮಾಡೂದಿಲ್ಲ."

ಏನೂ ಮಾಡದಿರುವುದು ನನಗೆ ಬಾರದ ವಿದ್ಯೆ. ಮಡಿಚುವ ಕುರ್ಚಿಯಲ್ಲಿ ಕೂತು, ಒಂದು ಕಲೆಯನ್ನು ದಿಟ್ಟಿಸುತ್ತ, ಮೊದಲು ಕಾಲು ಕುಣಿಸಿದೆ. ಆಮೇಲೆ ಅದೂ ನಿಂತಿತು. ಜೀರುಂಡೆಗಳು ಬಿಸಿಲನ್ನೇ ಹುರಿಯುತ್ತಿದ್ದಂತೆ ಸದ್ದು ಮಾಡುತ್ತಿದ್ದವು. ಟಾರಿನ ಮೇಲೆ ಬಿಸಿಗಾಳಿ ನೀರಿನ ಹಾಗೆ ತೇಲಿ, ಅದರೊಳಗಿಂದ ಹಳೆಯ ಕಾಲದ ಉದ್ದ ಮೂತಿಯ ಕಾರುಗಳು ಸಾಲಾಗಿ ಬರುತ್ತಿವೆ ಎನಿಸಿತು. ಕಲೆ ಹಳದಿಗೆ ತಿರುಗಿತು, ಹಳದಿ ತೆಳುವಾಯಿತು. ಇಷ್ಟು ವರ್ಷ ಈ ಕೆಟಲ್ಲಿನ ಬಣ್ಣ ತಿಂದದ್ದೂ ಇದೇ ಬಿಸಿಲು. ಅದನ್ನು ಶತ್ರು ಎಂದುಕೊಂಡು ನಾವು ಮೂರು ಕೋಟು ಬಳಿದಿದ್ದೆವು.

ಮಧ್ಯಾಹ್ನ ಮರದ ನೆರಳು ಕಲೆಯ ಮೇಲೆ ಬಂತು. ಚೇತನ್ ಎದ್ದು ಹೋಗಿ, ಬಿಸಿಲು ತಡೆಯಲು ಕಾರಿನ ಮುಂಗಾಜಿಗೆ ಹಾಕುವ ಬೆಳ್ಳಿ ಬಣ್ಣದ ಹಾಳೆ ತಂದು, ಬಿಸಿಲನ್ನು ಹಿಡಿದು ಕೆಟಲ್ಲಿನ ಹೊಟ್ಟೆಗೆ ತಿರುಗಿಸಿದ. ಕಾರಿಲ್ಲದೆ ಬದುಕಿಲ್ಲದ ಊರಿದು, ಎಲ್ಲರ ಬಳಿಯೂ ಆ ಹಾಳೆ ಉಂಟು. ನಾನೂ ಹಿಡಿದೆ, ರಶ್ಮಿಯೂ ಹಿಡಿದಳು. ಮೂವರು ಕನ್ನಡಿಗರು ಒಂದು ಕೆಟಲ್ಲಿಗೆ ಬಿಸಿಲು ಕಾಯಿಸುವ ದೃಶ್ಯ ನೋಡಲು ಕಾರುಗಳು ನಿಧಾನಿಸಿದವು. ಒಬ್ಬ ಟ್ರಕ್ಕಿನವನು ಕಿಟಕಿ ಇಳಿಸಿ ಕೇಳಿದ, "ಮ್ಯಾಮ್, ಅಂಗಡಿ ತೆರೆದಿದೆಯಾ?"

"ಇನ್ನೂ ಇಲ್ಲ," ಎಂದರು ಮಿಸ್ ಬೆಟ್ಟಿ. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದಂತೆ ಕೆಟಲ್ಲಿನ ಕಿಟಕಿಯತ್ತ ತಿರುಗಿದರು.

ಸಂಜೆ ಸಮಿತಿಯ ಇಬ್ಬರು ಬಂದು ಫೋಟೋ ಎತ್ತಿ ಹಿಡಿದು ಹೋಲಿಸಿದರು. ಅವರಲ್ಲೊಬ್ಬರು ಸರಿಯಾಗಿ ಕಲೆಯಿದ್ದ ಅದೇ ಜಾಗವನ್ನು ಸವರಿದರು. ನಾನು ಮೋಡ ನೋಡಿದೆ. "ಸರಿಸೋಣ, ಇದು ಇರಬೇಕಾದದ್ದು," ಎಂದು ಮಿಸ್ ಬೆಟ್ಟಿಯ ಕೈ ಕುಲುಕಿ ಹೋದರು.

ಕಾರು ಮರೆಯಾದ ಮೇಲೆ ಮಿಸ್ ಬೆಟ್ಟಿ ರಶ್ಮಿಯನ್ನು ಕೇಳಿದರು, "ಬೆಳಿಗ್ಗೆ ಆ ಹಳದಿ ಯಾತಕ್ಕೆ ಹಚ್ಚಿದೆ?"

ರಶ್ಮಿ ತಲೆ ತಗ್ಗಿಸಿ, ಒಳ್ಳೆಯದಾಗಲಿ ಅಂತ ಹಚ್ಚುತ್ತೇವೆ, ಆಮೇಲೆ ಕೆಂಪು ಇಡುತ್ತೇವೆ, ಅದನ್ನು ಇಡಲಾಗಲಿಲ್ಲ ಎಂದಳು.

"ಹಾಗಾದರೆ ಕೆಲಸ ಅರ್ಧಕ್ಕೇ ನಿಂತಿದೆ," ಎಂದು ಮಿಸ್ ಬೆಟ್ಟಿ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು. "ಕೆಟಲ್ ಬಿಟ್ಟುಬಿಡು. ನನಗಿಡು."

ಅರ್ಧ ಬಿಟ್ಟ ಕೆಲಸ ನನಗೆ ಸೇರದು. ಭರಣಿ ನಾನೇ ತೆಗೆದುಕೊಂಡೆ. ಆ ಬೆಳ್ಳನೆಯ ಹಣೆಯ ನಡುವೆ, ಎಲ್ಲೂ ಉದುರದಂತೆ, ಬೊಟ್ಟು ಇಟ್ಟು ಮುಚ್ಚಳ ಹಾಕಿದೆ.