ಅಮೆರಿಕದಿಂದ ನಮ್ಮ ಕಾಲುವೆಗೆ ತಂದ ಕಲಮು

ಮೂಡಲಗಿ ಹೊಸ ತಾಲೂಕಾಗಿ ಒಂದೆರಡು ವರ್ಷ ಕಳೆದಿದ್ದವು. ಆಗ ನಾನು ಗೋಕಾಕದಲ್ಲಿ, ಒಂದು ಹಂಚಿಕೆ ಕಾಲುವೆಯ ಮೇಲಿನ ಒಂಬತ್ತು ಊರುಗಳ ನೀರು ಬಳಕೆದಾರರ ಒಕ್ಕೂಟಕ್ಕೆ ಕಾರ್ಯದರ್ಶಿ. ನನ್ನ ಊರು ಹುಕ್ಕೇರಿ ಕಡೆಯದು. ಓದಿದ್ದು ಎಸ್.ಎಸ್.ಎಲ್.ಸಿ. ಆದರೂ ಠರಾವು ಬರೆಯುವುದರಲ್ಲಿ ಕೈ ಪಳಗಿದೆ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಆ ಕೈ ಬರೆದ ಒಂದು ಕಲಮಿನ ಬಗ್ಗೆ ಈಗ ಹೇಳಬೇಕಾಗಿದೆ.

ನಮ್ಮ ಒಕ್ಕೂಟದ ಹಳೆಯ ಕರಾರಿನಲ್ಲಿ ಒಂದು ದೊಡ್ಡ ದೋಷವಿತ್ತು. ಏನೇ ನಿರ್ಣಯವಾಗಬೇಕಾದರೂ ಒಂಬತ್ತೂ ಊರು ಒಪ್ಪಬೇಕು. ಒಂದು ಊರು ತಲೆ ಅಲ್ಲಾಡಿಸಿದರೆ ಮುಗಿಯಿತು. ಹೀಗಾಗಿ ಕಾಲುವೆಯ ಮೇಲಿನ ತುದಿಯವರು ಬೇಕಾದಾಗ ಗೇಟು ಎತ್ತುತ್ತಿದ್ದರು, ಕೌಜಲಗಿ ದಾರಿಯ ಕೆಳಗಿನ ಊರುಗಳಿಗೆ ನೀರು ಮುಟ್ಟುತ್ತಲೇ ಇರಲಿಲ್ಲ. ಎರಡು ಸಲ ಹೊಡೆದಾಟವಾಗಿ ಪೊಲೀಸರು ಬಂದ ಮೇಲೆ, ಹೊಸ ಕರಾರು ಬರೆಯುವುದೆಂದು ತೀರ್ಮಾನವಾಯಿತು. ಕೆಲಸ ನನ್ನ ಪಾಲಿಗೆ ಬಂತು.

ಗೋಕಾಕದಲ್ಲಿ ನನ್ನ ಪರಿಚಯದ ಮಠಪತಿ ಸರ್ ಇದ್ದರು, ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ನನ್ನ ಗೋಳು ಕೇಳಿ ನಕ್ಕರು.

“ನಿಮ್ಮ ಕಾಲುವಿ ಜಗಳ ಹೊಸಾದಲ್ಲೊ ಮಾರಾಯ. ಅಮೆರಿಕಾ ಹುಟ್ಟಿದ್ದ ಇದರಾಗ,” ಎಂದರು.

ಅವರು ವಿವರಿಸಿದ್ದು ಹೀಗೆ. ಇಂಗ್ಲೆಂಡಿನಿಂದ ಬಿಡಿಸಿಕೊಂಡ ಹದಿಮೂರು ರಾಜ್ಯಗಳು ಮೊದಲು ಸಡಿಲವಾದ ಒಂದು ಒಪ್ಪಂದ ಮಾಡಿಕೊಂಡವು. ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ, ಒಪ್ಪಂದ ತಿದ್ದಬೇಕಾದರೆ ಹದಿಮೂರೂ ಒಪ್ಪಬೇಕು. ಅದು ನಡೆಯಲಿಲ್ಲ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾ ಎಂಬ ಪಟ್ಟಣದಲ್ಲಿ ಅವುಗಳ ಪ್ರತಿನಿಧಿಗಳು ಬಾಗಿಲು ಹಾಕಿಕೊಂಡು ಕೂತರು. ದೊಡ್ಡ ರಾಜ್ಯಗಳು ಜನಸಂಖ್ಯೆಯಂತೆ ಸ್ಥಾನ ಬೇಕೆಂದವು, ಸಣ್ಣವು ಎಲ್ಲರಿಗೂ ಸಮಾನ ಬೇಕೆಂದವು. ಕೊನೆಗೆ ಎರಡು ಸಭೆ ಮಾಡಿದರು. ಒಂದರಲ್ಲಿ ಜನಸಂಖ್ಯೆಯಂತೆ, ಇನ್ನೊಂದರಲ್ಲಿ ಪ್ರತಿ ರಾಜ್ಯಕ್ಕೂ ಇಬ್ಬರು. ಎರಡೂ ಒಪ್ಪದೆ ಕಾನೂನಿಲ್ಲ.

ಇದು ನಮ್ಮ ಕಾಲುವೆಗಾಗಿಯೇ ಮಾಡಿದಂತಿತ್ತು. ಎದ್ದು ಹೊರಟಾಗ ಸರ್ ತಡೆದರು.

“ಕೂಡು, ಪೂರ್ತಿ ಕೇಳು. ಅಲ್ಲೆ ಗುಲಾಮರಿದ್ರು. ಅವರಿಗೆ ಮತ ಇಲ್ಲ. ಆದ್ರ ಸ್ಥಾನ ಹೆಚ್ಚು ಸಿಗಲಿ ಅಂತ ದಕ್ಷಿಣದವರು ಅವರನ್ನ ಎಣಿಸಬೇಕಂದ್ರು. ಐದು ಮಂದಿಗೆ ಮೂರು ಅಂತ ಹಿಡದ್ರು. ಅವರ ತಲಿ ಎಣಿಸಿ ಬಂದ ಬಲಾ ಅವರ ಮಾಲಕರ ಕೈಗೆ ಹೋತು. ಅದನ್ನ ಅಳಸಾಕ ಯುದ್ಧನ ಆಗಬೇಕಾತು. ಯುದ್ಧ ಆದ ಮ್ಯಾಲೂ ಅವರಿಗೆ ಖರೆ ಮತ ಸಿಗಾಕ ಮತ್ತ ನೂರು ವರ್ಷ ಹಿಡೀತು. ನೀ ಬರೆಯೂ ಮುಂದ ಇದನ್ನ ನೆನಪಿಡು.”

ನೆನಪಿಟ್ಟೆ. ನನ್ನ ಪಾಪ ಅದೇ.

ಕರಾರಿನ ಸಭೆ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ನಾವೂ ಬಾಗಿಲು ಹಾಕಿಕೊಂಡೆವು, ಹೊರಗಿನವರು ಗದ್ದಲ ಮಾಡಬಾರದೆಂದು. ಎರಡು ಸಭೆಯ ಮಾತನ್ನು ಎಲ್ಲರೂ ಮೆಚ್ಚಿದರು. ಊರಿಗೆ ಇಬ್ಬರಂತೆ ಊರಸಭೆ, ಜನಸಂಖ್ಯೆಯಂತೆ ಜನಸಭೆ. ಪ್ರತಿನಿಧಿಗಳನ್ನು ಆರಿಸುವವರು ಕಾಲುವೆಯ ಕೆಳಗೆ ಜಮೀನುಳ್ಳ ಸದಸ್ಯರು ಮಾತ್ರ. ತಂಟೆ ಎದ್ದದ್ದು ಎಣಿಕೆಯಲ್ಲಿ. ಒಕ್ಕೂಟದ ಅಧ್ಯಕ್ಷ ಬಸಗೌಡರ ಊರು ಎಲ್ಲಕ್ಕಿಂತ ದೊಡ್ಡದು. ಜಮೀನಿಲ್ಲದ ಕೂಲಿ ಮನೆತನಗಳ ಕೇರಿಯೂ ಅಲ್ಲಿ ದೊಡ್ಡದು, ಹೆಚ್ಚಿನವರು ಬೌದ್ಧ ಧರ್ಮ ಸೇರಿದ ದಲಿತರು. ಅವರನ್ನೂ ಎಣಿಸಿರಿ ಎಂದು ಗೌಡರು ಪಟ್ಟು ಹಿಡಿದರು.

ಕೆಳಗಿನ ಊರಿನ ಈರಪ್ಪಣ್ಣ ಎದ್ದು, “ಗೌಡ್ರ, ಅವರು ನಿಮ್ಮ ಸಂಘದ ಸದಸ್ಯರಽ ಅಲ್ಲ. ಅವರ ಹೆಸರ ಮ್ಯಾಲೆ ನಿಮಗ್ಯಾಕ್ರಿ ಸ್ಥಾನ?” ಎಂದ.

“ಅವರೂ ನಮ್ಮ ಊರಿನ ಮಂದೀನ ಅಲ್ಲೇನೊ?”

“ಹಂಗಾರ ಸದಸ್ಯರ ಮಾಡ್ಕೊಳ್ರಿ.”

ಗೌಡರು ನಕ್ಕರು, ಸಭೆಯೂ ನಕ್ಕಿತು. ಮಾತು ಮುರಿದುಬೀಳುವ ಹಾಗಿತ್ತು. ಆಗ ಯಾರೋ ಹಿಂದಿನಿಂದ, “ಇಬ್ಬರಿಗೆ ಒಬ್ಬರಂಗ ಹಿಡೀರಿ, ಮುಗೀಲಿ,” ಎಂದರು. ಗೌಡರು ನನ್ನ ಕಡೆ ತಿರುಗಿದರು.

“ಹಿಂಗ ಅರ್ಧಾ ಎಣಿಸೂದು ಎಲ್ಲ್ಯಾರ ಐತೇನ್ರಿ ಸೆಕ್ರೆಟರಿ? ನಾಳೆ ಮಂದಿ ನಗಬಾರದು.”

ನಾನು ಹೇಳಿದೆ: “ಅಮೆರಿಕಾದಾಗ ಇತ್ರಿ. ಅಲ್ಲೆ ಐದಕ್ಕ ಮೂರು ಹಿಡಿದಿದ್ರು.”

ಅಷ್ಟೇ ಹೇಳಿದೆ. ಯುದ್ಧದ ಮಾತು, ನೂರು ವರ್ಷದ ಮಾತು ಬಾಯಲ್ಲೇ ಉಳಿಯಿತು. ಸರ್ ಎಚ್ಚರಿಕೆಯೆಂದು ಹೇಳಿದ್ದನ್ನು ನಾನು ಆಧಾರವೆಂದು ಸಭೆಯ ಮುಂದಿಟ್ಟೆ. ಅಮೆರಿಕಾದಲ್ಲೇ ನಡೆದ ಮೇಲೆ ನಮ್ಮದೇನು ಎಂದು ಎಲ್ಲರೂ ಹಗುರಾದರು. ಒಮ್ಮೆ ಕೂಡಿದ್ದು ಒಡೆಯಬಾರದೆಂದು ಇನ್ನೊಂದು ಕಲಮನ್ನೂ ಅಲ್ಲಿಂದಲೇ ತಂದೆ. ಅವರಲ್ಲಿ ತಿದ್ದುಪಡಿಗೆ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು ಒಪ್ಪಬೇಕು, ನಮ್ಮಲ್ಲಿ ಒಂಬತ್ತರಲ್ಲಿ ಏಳು ಊರು.

ಆ ವರ್ಷ ಕೆಳಗಿನ ಊರುಗಳಿಗೆ ನೀರು ಮುಟ್ಟಿತು. ಈರಪ್ಪಣ್ಣ ನನಗೆ ಶಾಲು ಹೊದಿಸಿದ. ನನ್ನ ಜೀವಮಾನದಲ್ಲಿ ಅಂಥ ದಿನ ಇನ್ನೊಂದಿಲ್ಲ.

ಮುಂದಿನ ಬೇಸಿಗೆಯಲ್ಲಿ ಇಂದುಬಾಯಿ ಎಂಬ ಹೆಣ್ಣುಮಗಳು ನಮ್ಮ ಆಫೀಸಿಗೆ ಬಂದಳು. ಗೌಡರ ಊರಿನ ಕೇರಿಯವಳು. ಅರಭಾವಿ ಕಡೆಯ ನರ್ಸರಿಗಳಲ್ಲಿ ಕೂಲಿ ಮಾಡುತ್ತ ಕೆಲಸ ಕಲಿತು, ಮನೆಯ ಹಿಂದೆ ತಾನೇ ಮೆಣಸಿನ ಸಸಿ, ಬದನೆ ಸಸಿ ಬೆಳೆಸಿ ಮಾರುತ್ತಿದ್ದಳು. ಅವಳನ್ನು ನೋಡಿ ಇನ್ನೂ ಕೆಲವು ಮನೆಗಳು ಶುರು ಮಾಡಿದ್ದವು. ಅವರಿಗೆಲ್ಲ ನೀರು ಕೇರಿಯ ಹೊಂಡದ್ದು. ಹಿಂದೆ ಗೇಟುಗಳು ಅಡ್ಡಾದಿಡ್ಡಿ ಇದ್ದಾಗ ಕಾಲುವೆ ತುಳುಕಿ ಹೊಂಡ ತುಂಬುತ್ತಿತ್ತು. ನನ್ನ ಕರಾರು ಬಂದ ಮೇಲೆ ಪಾಳಿಯಂತೆ ಗೇಟು, ಹನಿ ನೀರು ಹೊರಗೆ ಹೋಗುವಂತಿಲ್ಲ. ಹೊಂಡ ಒಣಗಿತ್ತು.

“ಕಾಕಾ, ಒಂದ ಪಾಳಿ ನಮ್ಮ ಹೊಂಡಕ್ಕ ಬಿಡಸ್ರಿ. ಸಸಿ ಬಾಡಾಕತ್ತಾವು.”

“ಪಾಳಿ ಸದಸ್ಯರಿಗೆ ಅಷ್ಟಽ ತಂಗಿ.”

“ನಮ್ಮನ್ನ ಅರ್ಧಾ ಮಂದಿ ಅಂತ ಎಣಿಸೀರಂತ, ಖರೇನ್ರಿ?” ನಾನು ಪಾಳಿಯ ಪಟ್ಟಿ ತಿರುವಿದೆ. ಅವಳು ನಗುತ್ತಲೇ ಕೇಳಿದಳು: “ಎಣಿಸೂ ಅರ್ಧಾ ಒಳಗಿಟ್ಟು, ಮಾತಾಡೂ ಅರ್ಧಾ ಹೊರಗ ಹಾಕೀರೇನ್ರಿ?”

ಸರ್ವಸಾಧಾರಣ ಸಭೆಗೆ ಅವಳು ಕೇರಿಯ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದಳು. ಬಾಗಿಲ ಬಳಿ ನಿಂತು ಕೈ ಎತ್ತಿದಳು. ಗೌಡರು ಕಟುಕರಲ್ಲ, “ಕರಾರಿನಾಗ ಏನೈತಿ ಓದ್ರಿ ಸೆಕ್ರೆಟರಿ, ಇದ್ರ ಮಾತಾಡ್ಲಿ,” ಎಂದರು. ನಾನು ಎದ್ದು ಓದಿದೆ: ಸದಸ್ಯರಲ್ಲದವರಿಗೆ ಸಭೆಯಲ್ಲಿ ಮಾತನಾಡುವ ಹಕ್ಕಿರುವುದಿಲ್ಲ. ನನ್ನದೇ ವಾಕ್ಯ. ಚೆನ್ನಾಗಿ ಓದಿದೆ, ಎಲ್ಲಿಯೂ ತೊದಲಲಿಲ್ಲ. ಅವಳು ಕೈ ಇಳಿಸಿದಳು.

ಅಂದು ರಾತ್ರಿಯೇ ಲೇಖನಿ ಹಿಡಿದೆ. ಕೇರಿಯವರಿಗೂ ಸದಸ್ಯತ್ವ, ಹೊಂಡಕ್ಕೊಂದು ಪಾಳಿ ಎಂದು ತಿದ್ದುಪಡಿ ಬರೆದೆ. ಮೇಲಿನ ತುದಿಯ ಎರಡು ಊರಿನವರು ಒಪ್ಪರೆಂದು ಗೊತ್ತಿತ್ತು. ಕೆಳಗಿನವರನ್ನು ನಂಬಿ ಈರಪ್ಪಣ್ಣನ ಮನೆಗೆ ಹೋದೆ. ನೀರಿಲ್ಲದ ಸಂಕಟ ಕಂಡವನು ಅವನು.

“ನೀವು ಹೇಳೂದು ಖರೆ ಐತ್ರಿ,” ಎಂದ. “ಆದ್ರ ಒಂದು ಕಲಮು ಬಿಚ್ಚಿದ್ರ ಗೌಡರು ಇನ್ನೊಂದು ಬಿಚ್ಚತಾರ. ನಮ್ಮ ನೀರು ಹೋಕ್ಕೈತಿ. ಗಟ್ಟಿ ಕಟ್ಟಿದವರು ನೀವಽ ಅಲ್ಲೇನ್ರಿ? ಇರ್ಲಿ ಬಿಡ್ರಿ.”

ತಿದ್ದುಪಡಿ ಸಭೆಗೆ ಬಂದಾಗ ಏಳು ಊರು ಬೇಕಿತ್ತು. ಎರಡೇ ಊರು ಕೈ ಎತ್ತಿದವು. ಈರಪ್ಪಣ್ಣ ಎತ್ತಲಿಲ್ಲ.

ಮಠಪತಿ ಸರ್ ಆಗ ಹಾಸಿಗೆ ಹಿಡಿದಿದ್ದರು. ನಡೆದುದನ್ನೆಲ್ಲ ಹೇಳಿದೆ, ಮಂಗಲ ಕಾರ್ಯಾಲಯದಲ್ಲಿ ನಾನು ಆಡಿದ ಮಾತನ್ನೂ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಇಂದುಬಾಯಿ ಮತ್ತೊಂದು ಬೇಸಿಗೆ ತಡೆದಳು, ಕೊಡ ಹೊತ್ತು ಸಸಿ ಉಳಿಸಲು ನೋಡಿದಳು. ಆಗಲಿಲ್ಲ. ಈಗ ಯಮಕನಮರಡಿಯಲ್ಲಿ ಹೈವೇ ಬದಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಹೊಂಡದಲ್ಲಿ ಊರವರು ಕಬ್ಬಿನ ಒಣಗರಿಯ ರವದಿ ಒಟ್ಟುತ್ತಾರೆ. ಕೆಲಸ ಬಿಟ್ಟು ಮನೆ ಸೇರಿದ ಮೇಲೆ ನಾನು ಹುಕ್ಕೇರಿಯಿಂದ ಬಸ್ಸು ಹತ್ತಿ ಅವಳಲ್ಲಿಗೆ ಹೋದೆ. ಕೈಯ ಹಿಟ್ಟು ಒರೆಸಿಕೊಂಡು ಬಂದು, “ಬರ್ರಿ ಕಾಕಾ, ಕುಂದರ್ರಿ,” ಎಂದಳು. ಎಲ್ಲ ಹೇಳಿದೆ. ಇಂಥದ್ದು ಹಿಂದೆ ಎಲ್ಲಿ ನಡೆದಿತ್ತು, ಅದರಿಂದ ಏನಾಯಿತು, ನನಗೆ ಮೊದಲೇ ಗೊತ್ತಿತ್ತು ಎಂದೂ ಹೇಳಿದೆ.

ಅವಳು ನನ್ನ ಮುಂದೆ ನೀರಿನ ಲೋಟ ಇಟ್ಟಳು.

“ನಿಮಗ ಗೊತ್ತಿರಲಿಲ್ಲ ಅಂತ ತಿಳಕೊಂಡಿದ್ದೆ ಕಾಕಾ,” ಎಂದಳು. “ಪಾಪ, ತಿಳೀದ ಬರದಾರ ಅಂತ ಮನ್ಯಾಗ ಎಲ್ಲಾರ ಮುಂದೂ ಹೇಳಿದ್ದೆ.”

ಒಳಗಿನಿಂದ ಯಾರೋ ಕೂಗಿದರು, ಎದ್ದು ಹೋದಳು.

ನಿಯಮ ಬರೆಯುವ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ಬಾಗಿಲ ಹೊರಗೆ ಯಾರು ನಿಂತಿದ್ದಾರೆಂದು ಬರೆಯುವವನಿಗೆ ಗೊತ್ತೇ ಇರುತ್ತದೆ, ಗೊತ್ತಿದ್ದೂ ಬಾಗಿಲು ಹಾಕುತ್ತಾನೆ. ಇದನ್ನು ಕಲಿಯುವಷ್ಟರಲ್ಲಿ ಲೇಖನಿ ನನ್ನ ಕೈಯಲ್ಲಿರಲಿಲ್ಲ. ಕರಾರು ಇಂದಿಗೂ ಜಾರಿಯಲ್ಲಿದೆ. ಈ ಬೇಸಿಗೆಯಲ್ಲೂ ಜನಸಭೆಯ ಸ್ಥಾನ ಹಂಚುವ ಮೊದಲು ಕೇರಿಯ ಜನರನ್ನು ಎಣಿಸಿದರಂತೆ, ಇಬ್ಬರಿಗೆ ಒಬ್ಬರಂತೆ. ಊರು ಬಿಟ್ಟು ಹೋದ ಇಂದುಬಾಯಿಯನ್ನೂ ಬಿಡಲಿಲ್ಲವಂತೆ.